ಅಂಗೈಯ ಎಣ್ಣೆ

ಗ್ರೀಸ್ ದೇಶ ಡಿಸ್ಕಸ್ ತಟ್ಟೆ ಎಸೆಯಲು ತನ್ನನ್ನು ಆರಿಸಿದ್ದಕ್ಕೆ ಸಾವಸ್ ಎರಡು ಕಾರಣ ಹೇಳುತ್ತಿದ್ದ. ಒಳ್ಳೆಯ ಎಸೆತಗಾರನೊಬ್ಬನ ಮಣಿಕಟ್ಟು ಉಳುಕಿತ್ತು. ನೀಲಿ ಅಂಚಿನ ಬನಿಯನ್ನುಗಳಲ್ಲಿ ಯಾರಿಗೂ ಆಗದಷ್ಟು ದೊಡ್ಡದೊಂದು ಉಳಿದುಬಿಟ್ಟಿತ್ತು. ಮ್ಯೂಸಿಯಮ್ಮಿನ ಕಲ್ಲಿನ ಡಿಸ್ಕಸ್ ವೀರನಿಗೆ ಯಾರಾದರೂ ಅವನನ್ನು ಹೋಲಿಸಿದರೆ, "ಅವನು ಎಸೆಯೋದೇ ಇಲ್ಲ, ನಾನು ಎಸೆದ್ರೂ ಅದು ಹೋಗೋದಿಲ್ಲ. ಇಷ್ಟೇ ವ್ಯತ್ಯಾಸ" ಎನ್ನುತ್ತಿದ್ದ.

ಅವನು ಅಥೆನ್ಸ್ ಬಳಿಯ ಕೊಕ್ಕಿನಿಯಾದ ನಿರಾಶ್ರಿತರ ಕೇರಿಯ ಬೇಕರಿಯಲ್ಲಿ ಹಿಟ್ಟು ನಾದುವವನು. ಸಮುದ್ರದಾಚೆ ತುರ್ಕಿಯಲ್ಲಿ ಸ್ಮಿರ್ನಾ ಪಟ್ಟಣ ಹೊತ್ತಿ ಉರಿದಾಗ ಚಿಕ್ಕಮ್ಮ ಎವಾಂಥಿಯಾ ಒಂದು ಕೈಯಲ್ಲಿ ಮೇರಿಮಾತೆಯ ಪಟವನ್ನೂ ಇನ್ನೊಂದರಲ್ಲಿ ತಾಯಿಯಿಲ್ಲದ ಇವನನ್ನೂ ಹಿಡಿದು ಹಡಗು ಹತ್ತಿದ್ದಳು. ಅಥೆನ್ಸಿನವರು ಆ ಕೇರಿಯವರನ್ನು ಇನ್ನೂ "ತುರ್ಕಿ ಬೀಜ" ಎಂದೇ ಆಡಿಕೊಳ್ಳುತ್ತಿದ್ದರು. ಇವತ್ತು ಬಾಲ್ಕನ್ ದೇಶಗಳ ಕ್ರೀಡಾಕೂಟದಲ್ಲಿ, ಅಥೆನ್ಸಿನ ಬಿಳಿ ಕಲ್ಲಿನ ದೊಡ್ಡ ಕ್ರೀಡಾಂಗಣದಲ್ಲಿ, ಅದೇ ಕೇರಿಯ ಹೆಸರೊಂದು ಫಲಕದ ಮೇಲೆ ಏರಿತ್ತು. ಸಾವಸ್‌ಗೆ ಪದಕದ ಆಸೆ ಇರಲಿಲ್ಲ. ಹೆಸರಿನ ಮುಂದೆ ಒಂದು ಅಂಕಿ ಬಂದರೆ ಸಾಕಿತ್ತು. ಮೂರು ಎಸೆತವೂ ಗೆರೆಯಾಚೆ ಬಿದ್ದರೆ ಅಲ್ಲಿ ಬರೀ ಅಡ್ಡಗೀಟು. ನಾಳೆ ಪೇಪರಿನಲ್ಲಿ ಇಡೀ ಕೇರಿ ಆ ಗೀಟನ್ನು ನೋಡಬೇಕಾಗುತ್ತದೆ.

ಮೊದಲ ಎಸೆತಕ್ಕೆ ಮುಂಚೆ ಚಿಕ್ಕಮ್ಮ ಕೆಳಗಿನ ಸಾಲಿನ ಗೋಡೆಯಿಂದ ಬಾಗಿ ಕರೆದಳು.

"ಬಾರೋ ಇಲ್ಲಿ. ಇಷ್ಟು ಜನರ ಕಣ್ಣು ನಿನ್ನ ಮೇಲಿದೆ. ಕೈ ಕೊಡು."

"ಅವರು ಕಡಲೆ ತಿಂತಿದಾರೆ ಚಿಕ್ಕಮ್ಮ, ನನ್ನ ಯಾರು ನೋಡ್ತಾರೆ?"

"ಬಾಯ್ಮುಚ್ಚು!"

ಸಣ್ಣ ಸೀಸೆಯಲ್ಲಿದ್ದುದು ಮೇರಿಮಾತೆಯ ದೀಪದ ಎಣ್ಣೆ. ಅವಳು ಪಿಸುಗುಟ್ಟಿ ಪ್ರಾರ್ಥಿಸಿ, ಎಸೆಯುವ ಅಂಗೈ ತುಂಬ ಹಚ್ಚಿ, ಥೂ ಥೂ ಥೂ ಎಂದಳು. ಅದನ್ನು ಒರೆಸಿಕೊಳ್ಳುವುದೆಂದರೆ ಅವಳು ಬೆಂಕಿಯಿಂದ ಉಳಿಸಿ ತಂದದ್ದನ್ನೇ ಒರೆಸಿ ಎಸೆದಂತೆ. ಸಾವಸ್ ಬೆರಳುಗಳನ್ನು ಅಗಲವಾಗಿ ಹಿಡಿದುಕೊಂಡು ವೃತ್ತಕ್ಕೆ ಹೋದ.

ಒಂದು ಸುತ್ತು ತಿರುಗಿದ. ಡಿಸ್ಕಸ್ ನೆನೆದ ಸಾಬೂನಿನಂತೆ ಜಾರಿ ಪಕ್ಕಕ್ಕೆ ಹಾರಿತು. ಹುಲ್ಲುಟೋಪಿಯ ತೀರ್ಪುಗಾರರೊಬ್ಬರು ತಮ್ಮ ವಯಸ್ಸಿಗೆ ಮೀರಿ ಜಿಗಿದರು. ಅವರ ಜಿಗಿತವನ್ನಾದರೂ ಅಳೆಯಬಾರದೇ ಎಂದುಕೊಂಡ ಸಾವಸ್.

"ಅಯ್ಯೋ, ದೃಷ್ಟಿ ಜೋರಾಗೇ ತಾಗಿದೆ!" ಎಂದು ಚಿಕ್ಕಮ್ಮ ಎರಡನೆಯ ಸಲ ಎಣ್ಣೆಯನ್ನು ಮೊಣಕೈವರೆಗೂ ಏರಿಸಿದಳು. ಆ ಸಲ ಡಿಸ್ಕಸ್ ಹಿಂದಕ್ಕೇ ಹೋಯಿತು. ಕಡಲೆ ತಿನ್ನುವುದನ್ನು ನಿಲ್ಲಿಸಿ ಜನ ನಿಜವಾಗಿಯೂ ಅವನನ್ನು ನೋಡತೊಡಗಿದರು.

ಇನ್ನುಳಿದದ್ದು ಒಂದೇ ಎಸೆತ. ಗೋಡೆಯ ಬಳಿ ಚಿಕ್ಕಮ್ಮ ಮತ್ತೆ ಸೀಸೆಯ ಬಿರಡೆ ತೆಗೆಯುತ್ತಿದ್ದಳು.

ಆಗ ಹಿಂದಿನಿಂದ ತುರ್ಕಿ ಭಾಷೆಯಲ್ಲಿ ಯಾರೋ, "ಅಮ್ಮಾ, ನನಗೂ ಸ್ವಲ್ಪ ಹಾಕ್ತೀರಾ?" ಎಂದರು. ತುರ್ಕಿ ತಂಡದ ಎಸೆತಗಾರ ಫಿಕ್ರೆತ್. ಅಲ್ಲಿಯವರೆಗೆ ಮೂರನೆಯ ಸ್ಥಾನದಲ್ಲಿದ್ದವನು.

ಚಿಕ್ಕಮ್ಮನ ಮುಖ ಬಿಗಿಯಿತು. ಆದರೆ ಅವಳ ಕೋಪಕ್ಕೂ ಪ್ರೀತಿಗೂ ಬಾಯಿಗೆ ಬರುತ್ತಿದ್ದುದು ಅದೇ ಭಾಷೆ.

"ಯಾವೂರಿನವನೋ ನೀನು?"

"ಇಜ್ಮಿರ್."

ಸ್ಮಿರ್ನಾವನ್ನು ತುರ್ಕರು ಕರೆಯುವ ಹೆಸರು ಅದು. ಅವಳು ಸೀಸೆಯನ್ನು ಎದೆಗೊತ್ತಿಕೊಂಡಳು.

"ಗುಡ್ಡದ ಕೆಳಗೆ, ಕಾರಂಜಿ ಪಕ್ಕ ಒಂದು ಹಿಪ್ಪುನೇರಳೆ ಮರ ಇತ್ತು..."

"ಇದೆಯಮ್ಮಾ. ಈಗ್ಲೂ ಹಣ್ಣು ಬಿಡುತ್ತೆ. ನಮ್ಮ ಮಕ್ಕಳ ಅಂಗಿ ಕಲೆ ಹೋಗೋದೇ ಇಲ್ಲ."

ಅವನಿಗೆ ಆ ಮರ ನಿಜವಾಗಿ ಗೊತ್ತಿತ್ತೋ ಇಲ್ಲವೋ, ಸಾವಸ್ ಎಂದೂ ಕೇಳಲಿಲ್ಲ. ಚಿಕ್ಕಮ್ಮ ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡಳು.

"ಆದ್ರೆ ಅಂಗೈಗೆ ಬೇಡಮ್ಮಾ," ಎಂದ ಫಿಕ್ರೆತ್ ವಿನಯದಿಂದ. "ಅಂಗೈಗೆ ಹಚ್ಚಿದ್ರೆ ತಟ್ಟೆ ಜೊತೆ ಆಶೀರ್ವಾದನೂ ಹಾರಿಹೋಗುತ್ತೆ ಅಂತಾರೆ ನಮ್ಮಮ್ಮ. ಅವರು ಹಣೆಗೆ ಹಚ್ಚೋದು."

ಚಿಕ್ಕಮ್ಮ ಕಣ್ಣರಳಿಸಿದಳು. "ಅಯ್ಯೋ ನನ್ನ ದಡ್ಡ ತಲೆಯೇ! ಎರಡು ಸಲ ಆಶೀರ್ವಾದ ಎಸೆದುಬಿಟ್ನಲ್ಲೋ ಸಾವಸ್, ಹೇಳಬಾರದಿತ್ತಾ?"

"ನನಗೆಲ್ಲಿ ಗೊತ್ತಿತ್ತು ಚಿಕ್ಕಮ್ಮ? ನಾನು ಬರೀ ಎಸೆಯೋನು."

ಅವಳೇ ತಲೆವಸ್ತ್ರ ಬಿಚ್ಚಿ ಅವನ ಅಂಗೈ, ಬೆರಳ ಸಂದು, ಮೊಣಕೈ ಎಲ್ಲವನ್ನೂ ತಿಕ್ಕಿ ತಿಕ್ಕಿ ಒರೆಸಿದಳು. ಆಮೇಲೆ ಇಬ್ಬರ ಹಣೆಗೂ ಧಾರಾಳವಾಗಿ ಹಚ್ಚಿ, ಇಬ್ಬರ ಮೇಲೂ ಥೂ ಥೂ ಎಂದಳು. ತಿರುಗಿ ಹೋಗುವಾಗ ಫಿಕ್ರೆತ್ ಬಗ್ಗಿ ಒಂದು ಹಿಡಿ ಒಣಮಣ್ಣು ಎತ್ತಿ ಸಾವಸ್‌ನ ಕೈಗೆ ಸುರಿದ.

ಮೂರನೆಯ ಸಲ ಡಿಸ್ಕಸ್ ಬೆರಳಿಗೆ ಕಚ್ಚಿಕೊಂಡಿತು, ಹೋಗಬೇಕಾದಾಗ ಬಿಟ್ಟಿತು, ಗೆರೆಗಳ ನಡುವೆಯೇ ಬಿತ್ತು. ಅಳೆಯುವವರು ಟೇಪನ್ನು ಪೂರ್ತಿ ಬಿಚ್ಚಬೇಕಾಗಲಿಲ್ಲ. ಎಲ್ಲರಿಗಿಂತ ಕಡೆಯ ಸ್ಥಾನ. ಆದರೂ ಫಲಕದ ಹುಡುಗಿ ಅವನ ಹೆಸರಿನ ಮುಂದೆ ಅಂಕಿ ಬರೆದಳು, ಅದೂ ದುಂಡಗೆ. ಕೇರಿಯವರು ಕೂತಿದ್ದ ಮೂಲೆಯಿಂದ ಎದ್ದ ಗದ್ದಲಕ್ಕೆ, ಗೆದ್ದವನು ಇವನೇ ಇರಬೇಕೆಂದು ರೊಮೇನಿಯಾದವರು ಬಂದು ಕೈ ಕುಲುಕಿ ಹೋದರು. ಸಾವಸ್ ಅವರನ್ನು ತಿದ್ದಲಿಲ್ಲ.

ಫಿಕ್ರೆತ್ ಎಸೆಯುವ ಹೊತ್ತಿಗೆ ಬಿಸಿಲಿಗೆ ಹಣೆಯ ಎಣ್ಣೆ ಬೆವರಿನೊಡನೆ ಕಣ್ಣಿಗಿಳಿಯಿತು. ಅವನು ಕಣ್ಣು ಪಿಳಿಪಿಳಿ ಮಾಡುತ್ತ ತಿರುಗಿದ; ತಟ್ಟೆ ಗೆರೆಯಾಚೆ ಬಿತ್ತು. ಕೊನೆಯ ಎಸೆತದಲ್ಲಿ ಅವನನ್ನು ಹಿಂದಿಕ್ಕಿದ ಯುಗೊಸ್ಲಾವಿಯಾದವನಿಗೆ ಕಂಚು ಸಿಕ್ಕಿತು.

ಸಾವಸ್ ಅವನ ಬಳಿ ಓಡಿದ. "ನನ್ನಿಂದ ಹೀಗಾಯ್ತು, ಮಾರಾಯ."

"ಬಿಸಿಲು ಕಣೋ," ಎಂದ ಫಿಕ್ರೆತ್, ಗೋಡೆಯ ಕಡೆ ಒಮ್ಮೆ ನೋಡಿ. "ಅವರಿಗೂ ಹಾಗೇ ಹೇಳು."

ಹೇಳಿದ. ಚಿಕ್ಕಮ್ಮ ಒಪ್ಪಲಿಲ್ಲ. "ಬಿಸಿಲಂತೆ! ಅಷ್ಟು ಒಳ್ಳೆ ಹುಡುಗನಿಗೆ ದೃಷ್ಟಿ ಆಗದೆ ಇರುತ್ತಾ? ನಾನು ಹಚ್ಚಿದ್ದು ಸಾಲಲಿಲ್ಲ." ಬಿರಡೆಯನ್ನು ಬಿಗಿಯಾಗಿ ಒತ್ತಿ, ಸೀಸೆಯನ್ನು ತಲೆವಸ್ತ್ರದಲ್ಲಿ ಸುತ್ತಿ ಸಾವಸ್‌ನ ಕೈಗಿಟ್ಟಳು. "ಹೋಗಿ ಕೊಡು. ಅವನಮ್ಮನೇ ಹಚ್ಚಲಿ, ಅವರಿಗೆ ಸರಿಯಾಗಿ ಗೊತ್ತು."

ಸಾವಸ್ ಮೈದಾನ ದಾಟಿ ಹೊರಟ. ಆ ದಿನ ಅವನ ಕೈಯಿಂದ ಜಾರದಂತೆ ಅಷ್ಟು ಜೋಪಾನವಾಗಿ ಹೋದದ್ದು ಆ ಸೀಸೆಯೊಂದೇ.