ಹೊಟ್ಟೆಯಿರುವ ಹಾಯಿ

ಚಿಕ್ಕಪ್ಪನ ಹಳೆಯ ದೋಣಿಯ ಹಾಯಿ ಹರಿದು ಬಹಳ ಕಾಲವಾಗಿತ್ತು. ಮೊದಮೊದಲು ಅವರೇ ಕೂತು ತೇಪೆ ಹಾಕಿದರು. ಆಮೇಲೆ ಅದು ತೇಪೆಯ ಪಕ್ಕದಲ್ಲೇ ಹರಿಯತೊಡಗಿತು. ಆ ಮಾದರಿಯ ದೋಣಿ ಕಟ್ಟುವುದನ್ನೇ ಜನ ಬಿಟ್ಟಿದ್ದರಿಂದ ಅದರ ಅಳತೆಯ ಹಾಯಿ ಎಲ್ಲಿ ಕೇಳಿದರೂ ಸಿಗಲಿಲ್ಲ. ಸಾಲದ್ದಕ್ಕೆ ಅವರು ಜಾರಿ ಬಿದ್ದು ಮಂಡಿ ನೋಯಿಸಿಕೊಂಡರು. ಅಲ್ಲಿಗೆ ಕೈಚೆಲ್ಲಿ ಕೂತರು. ದೋಣಿ ಬಂದರಿನ ದಕ್ಕೆಯ ಮೂಲೆಯಲ್ಲಿ ಕಟ್ಟಿದಲ್ಲೇ ಪಾಚಿ ಹಿಡಿಯಿತು.

ಒಂದು ದಿನ ಬಂದರಿನ ಅಧಿಕಾರಿ ಮನೆಗೇ ಬಂದರು.

"ಸುಮ್ಮನೆ ನಿಂತಿರೋ ದೋಣಿಗಳನ್ನೆಲ್ಲ ತೆಗೆಸ್ತಾ ಇದ್ದೀವಿ. ತಿಂಗಳ ಕೊನೆಗೆ ನಾನೇ ನಿಂತು ನೋಡ್ತೀನಿ. ಹಾಯಿ ಏರಿಸಿಕೊಂಡು ಹೊರಗೆ ಕಡಲಲ್ಲಿ ತೇಲೋ ಕೆಂಪು ಪೀಪಾಯಿ ಸುತ್ತಿ ಬಂದ್ರೆ ಜಾಗ ನಿಮ್ಮದೇ. ಇಲ್ಲಾಂದ್ರೆ ಒಡೆಯೋಕೆ ಕಳಿಸಬೇಕಾಗತ್ತೆ. ಬೇಜಾರು ಮಾಡ್ಕೋಬೇಡಿ."

ಚಿಕ್ಕಪ್ಪ ತಲೆಯಾಡಿಸಿದರು. ಅವರ ಮನೆಯಲ್ಲೇ, ಅವರ ದೋಣಿಯಲ್ಲೇ ಓಡಾಡಿ ಬೆಳೆದ ಅವರ ಅಣ್ಣನ ಹೆಣ್ಣುಮಕ್ಕಳಿಬ್ಬರೂ ಅಲ್ಲೇ ಇದ್ದರು. ಅಕ್ಕನದು ಸೋಫಾ, ಕುರ್ಚಿಗಳಿಗೆ ಕವರ್ ಹೊಲಿಯುವ ಅಂಗಡಿ. ತಂಗಿ ಸಿಟಿ ಬಸ್ಸಿನ ಚಾಲಕಿ. ಅಧಿಕಾರಿ ಗೇಟು ದಾಟುವ ಮೊದಲೇ ಅಕ್ಕ ಹೇಳಿದಳು, "ಹಾಯಿ ನಾನು ಹೊಲೀತೀನಿ."

"ಅದು ಸೋಫಾ ಅಲ್ಲಮ್ಮ," ಎಂದರು ಚಿಕ್ಕಪ್ಪ.

"ಬಟ್ಟೆ ತಾನೆ?"

ಮರುದಿನವೇ ಊಟದ ಮೇಜು ವರಾಂಡಕ್ಕೆ ಹೋಯಿತು. ದಪ್ಪ ಬಿಳಿ ಬಟ್ಟೆ ನಡುಮನೆಯಲ್ಲಿ ಹಿಡಿಸದೆ ಮಲಗುವ ಕೋಣೆಯೊಳಗೂ ಹರಡಿಕೊಂಡಿತು. ತಂಗಿ ಕೆಲಸ ಮುಗಿಸಿ ಬಂದವಳು ಯೂನಿಫಾರ್ಮ್ ಕೂಡ ಬಿಚ್ಚದೆ ಬಟ್ಟೆಯ ಇನ್ನೊಂದು ತುದಿ ಹಿಡಿದು ಕೂರುತ್ತಿದ್ದಳು. ಅಕ್ಕ ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಗೆರೆ ಎಳೆದಷ್ಟು ನೇರಕ್ಕೆ ಜೋಡಿಸಿ ಹೊಲಿದಳು. ಒಂದು ಸುಕ್ಕಿಲ್ಲ, ಒಂದು ಸೊಟ್ಟವಿಲ್ಲ. ಚಿಕ್ಕಪ್ಪ ಕೂಡ ಬೆರಳಾಡಿಸಿ ನೋಡಿ "ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಪರೀಕ್ಷೆಗೆ ಮೊದಲು ಒಮ್ಮೆ ನೋಡೋಣವೆಂದು ಅಕ್ಕತಂಗಿಯರು ಹಾಯಿಯನ್ನು ಏರಿಸಿ ಹೊರಟರು. ಗಾಳಿ ಚೆನ್ನಾಗಿಯೇ ಇತ್ತು. ಆದರೆ ಹಾಯಿ ಒಣಹಾಕಿದ ಹೊದಿಕೆಯ ಹಾಗೆ ಪಟಪಟ ಬಡಿದುಕೊಂಡಿತೇ ಹೊರತು ಗಾಳಿ ಹಿಡಿಯಲಿಲ್ಲ. ದೋಣಿ ಮುಂದೆ ಹೋಗುವುದು ಬಿಟ್ಟು ಏಡಿಯಂತೆ ಅಡ್ಡಡ್ಡ ಸರಿದು ಬಂಡೆಗಳತ್ತ ಹೊರಟಿತು. ಕೊನೆಗೆ ಡೀಸೆಲ್ ದೋಣಿಯವನೊಬ್ಬ ಹಗ್ಗ ಎಸೆದು ಎಳೆದುಕೊಂಡು ಬಂದ. ದಕ್ಕೆಯ ಮೇಲಿದ್ದವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. "ಕಿಟಕಿಗೆ ಹಾಕಿ, ಚೆನ್ನಾಗಿರತ್ತೆ," ಎಂದನೊಬ್ಬ.

ಮನೆಗೆ ಬಂದ ಅಕ್ಕ ಹಾಯಿಯನ್ನು ನಡುಮನೆಯಲ್ಲಿ ಎಸೆದಳು. ಚಿಕ್ಕಪ್ಪ ಅದನ್ನು ಮುಟ್ಟಿ ನೋಡಿ ಹೇಳಿದರು, "ಹಾಯಿಗೆ ಹೊಟ್ಟೆ ಇರಬೇಕು ಕಣೆ. ಇದು ಉಪವಾಸ ಬಿದ್ದ ಹಾಗಿದೆ."

"ಮೊದಲೇ ಹೇಳಬಾರದಿತ್ತಾ?"

"ಗಾಳಿ ತುಂಬಿದಾಗ ಉಬ್ಬೋದು ನೋಡಿದ್ದೆ. ಆ ಉಬ್ಬನ್ನ ಬಟ್ಟೆಯಲ್ಲೇ ಹೊಲಿದಿರ್ತಾರೆ ಅಂತ ನನಗೇನು ಗೊತ್ತು? ನಾನು ತೇಪೆ ಹಾಕಿದವನು, ಹಾಯಿ ಹೊಲಿದವನಾ?"

ಅಕ್ಕ ಎದ್ದು ಹೋಗಿ ಹಿತ್ತಲಲ್ಲಿ ಸುತ್ತಿಟ್ಟಿದ್ದ ಹಳೆಯ ಹಾಯಿಯನ್ನು ಎಳೆದು ತಂದು ನೆಲದ ಮೇಲೆ ಹಾಸಿದಳು. ಎಷ್ಟು ಸವರಿದರೂ ಅದು ಚಪ್ಪಟೆಯಾಗಿ ಮಲಗಲಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬಿತು. ಅವಳು ಮಂಡಿಯೂರಿ ಒಂದೊಂದೇ ಹೊಲಿಗೆ ನೋಡುತ್ತಾ ಹೋದಳು. ಪಟ್ಟಿಗಳು ಸೇರುವಲ್ಲಿ ನಡುವೆ ಕಡಿಮೆ ಬಟ್ಟೆ, ತುದಿಗಳಲ್ಲಿ ಹೆಚ್ಚು ಬಟ್ಟೆ ಹಿಡಿದು ಹೊಲಿದಿದ್ದರು.

"ಅಯ್ಯೋ, ದುಂಡು ಮೆತ್ತೆಗೆ ನಾನು ಮಾಡೋದೂ ಇದನ್ನೇ," ಎಂದಳು. "ತಂಗಿ, ಬ್ಲೇಡು ಕೊಡು."

ಅಷ್ಟು ಚೆಂದದ ಹೊಲಿಗೆಯನ್ನೆಲ್ಲ ಅವಳು ತಾನೇ ಬಿಚ್ಚಿ ಹಾಕಿದಳು. ನೋಡುತ್ತಿದ್ದ ತಂಗಿಗೆ ಸಂಕಟವಾಯಿತು, ಅಕ್ಕನಿಗೆ ಆಗಲಿಲ್ಲ. ಈ ಸಲ ಚಿಕ್ಕಪ್ಪ ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತರು. ಎಲ್ಲಿ ಹೆಚ್ಚು ಉಬ್ಬಬೇಕು, ಎಲ್ಲಿ ಇಳಿಯಬೇಕು ಎಂದು ಗಾಳಿಯಲ್ಲಿ ಕೈಯಾಡಿಸಿ ತೋರಿಸಿದರು. ಅಕ್ಕ ಆ ಕೈಯನ್ನೇ ನೋಡಿಕೊಂಡು ಗುಂಡುಸೂಜಿ ಚುಚ್ಚಿದಳು.

ಪರೀಕ್ಷೆಯ ಬೆಳಿಗ್ಗೆ ದಕ್ಕೆಯಲ್ಲಿ ಜನ ಕಾಯುತ್ತಿದ್ದರು. ಮತ್ತೆ ನಗಲು ಬಂದವರೇ ಹೆಚ್ಚು. ತಂಗಿ ಚುಕ್ಕಾಣಿ ಹಿಡಿದಳು. ಅಕ್ಕ ಚಿಕ್ಕಪ್ಪನ ಕಡೆ ಕೈಚಾಚಿದಳು.

"ನಾನ್ಯಾಕೆ? ಈ ಕಾಲು ಇಟ್ಟುಕೊಂಡು?"

"ಕಾಲು ಯಾರಿಗೆ ಬೇಕು? ಬಾಯಿ ಇದೆಯಲ್ಲ, ಬನ್ನಿ."

ಇಬ್ಬರೂ ಸೇರಿ ಅವರನ್ನು ದೋಣಿಗೆ ಇಳಿಸಿಕೊಂಡರು. ಹಾಯಿ ಮೇಲೇರಿತು. ಒಂದೆರಡು ಸಲ ಬಡಿದುಕೊಂಡಿತು. ಆಮೇಲೆ ಸದ್ದು ನಿಂತು, ಉಸಿರು ಎಳೆದುಕೊಂಡ ಎದೆಯ ಹಾಗೆ ದುಂಡಗೆ ತುಂಬಿತು. ದೋಣಿ ಒಂದು ಪಕ್ಕಕ್ಕೆ ವಾಲಿ ನೀರು ಸೀಳಿಕೊಂಡು ಹೊರಟಿತು. ದಕ್ಕೆಯ ಮೇಲಿನ ಗದ್ದಲ ತಣ್ಣಗಾಯಿತು.

ಕೆಂಪು ಪೀಪಾಯಿ ಇದ್ದದ್ದು ಗಾಳಿ ಬರುವ ದಿಕ್ಕಿನಲ್ಲೇ. ನೇರ ಹೋಗಲಾಗದ್ದರಿಂದ ಚಿಕ್ಕಪ್ಪ ತಂಗಿಗೆ ಹೇಳಿ ದೋಣಿಯನ್ನು ಓರೆಯಾಗಿ ಓಡಿಸಿ, ತಿರುಗಿಸಿ, ಮತ್ತೆ ಇನ್ನೊಂದು ಕಡೆಗೆ ಓರೆಯಾಗಿ ಓಡಿಸಿದರು. "ಎಡಕ್ಕೆ... ಸಾಕು, ಇದು ಬಸ್ಸಲ್ಲ, ಮೆತ್ತಗೆ," ಎನ್ನುತ್ತಾ ಅವರ ದನಿ ಏರುತ್ತಾ ಹೋಯಿತು. ಪೀಪಾಯಿ ಸುತ್ತುವಾಗ ಜೋರು ಗಾಳಿಯೊಂದು ಬಡಿದು ದೋಣಿಯ ಅಂಚು ನೀರಿಗೆ ತಾಗಿತು. ಹಾಯಿಯ ಹಗ್ಗ ಹಿಡಿದಿದ್ದ ಅಕ್ಕನ ಕಣ್ಣು ಹೊಲಿಗೆಗಳ ಮೇಲೆಯೇ ಇತ್ತು. "ಹಗ್ಗ ಬಿಡು," ಎಂದರು ಚಿಕ್ಕಪ್ಪ. ಅವಳು ಬಿಟ್ಟಳು. ದೋಣಿ ಮತ್ತೆ ನೆಟ್ಟಗಾಯಿತು. ಒಂದು ಎಳೆಯೂ ಬಿಟ್ಟಿರಲಿಲ್ಲ.

"ಹೊಲಿದೋರು ಯಾರು ಅಂತ," ಎಂದಳು ತಂಗಿ. ಅಕ್ಕ ಮತ್ತೆ ಹಗ್ಗ ಎಳೆದುಕೊಂಡಳು.

ಹಿಂದಿರುಗುವಾಗ ಗಾಳಿ ಬೆನ್ನಿಗಿತ್ತು. ದೋಣಿ ಓಡಿತು. ದಕ್ಕೆ ಹತ್ತಿರವಾಗುತ್ತಿದ್ದಂತೆ ಜನ ಕೈಬೀಸುವುದು ಕಂಡಿತು. ಅಧಿಕಾರಿ ಟೋಪಿ ತೆಗೆದು ಖಾಲಿ ಜಾಗದ ಕಡೆ ತೋರಿಸಿ, ಬನ್ನಿ, ಕಟ್ಟಿಕೊಳ್ಳಿ ಎಂದು ಸನ್ನೆ ಮಾಡಿದರು.

ತಂಗಿ ಚಿಕ್ಕಪ್ಪನ ಮುಖ ನೋಡಿದಳು. ಅವರು ಗಾಳಿ ತುಂಬಿದ ಹಾಯಿಯನ್ನೇ ನೋಡುತ್ತಿದ್ದರು.

"ಇಷ್ಟು ಬೇಗ ಕಟ್ಟಿ ಏನು ಮಾಡೋದು?" ಎಂದರು. "ತಿರುಗಿಸು."

ಅಧಿಕಾರಿಯ ಮುಂದೆಯೇ ದೋಣಿ ಅಗಲವಾಗಿ ಒಂದು ಸುತ್ತು ತಿರುಗಿ ಮತ್ತೆ ಕಡಲಿನತ್ತ ಹೊರಟಿತು.