ಗಂಜಿ ಕುಡಿದ ಸ್ವೆಟರ್

ಸೀಗೆ ಹುಣ್ಣಿಮೆ ದಾಟಿತೆಂದರೆ ಗೋಕಾಕದ ಸರಿತಾ ಕಾಕೂ ಹಿತ್ತಲ ಕಟ್ಟೆಯ ಮೇಲಿನ ಚಾಪೆ ಸುತ್ತಿಟ್ಟು ದಪ್ಪ ಜಮಖಾನೆ ಹಾಸುತ್ತಾಳೆ. ಚಳಿ ಇನ್ನೂ ಬಂದಿರುವುದಿಲ್ಲ. ಬರಲು ಮನಸ್ಸು ಮಾಡಿರುತ್ತದೆ, ಅಷ್ಟೆ. ಅವಳ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಯುವುದರಿಂದ ಆಮೇಲಿನ ಸಂಜೆ ಉದ್ದಕ್ಕೆ ಬಿದ್ದಿರುತ್ತದೆ. ಅದನ್ನು ತುಂಬಲು ಕಾಕೂಗೆ ಇರುವುದು ಎರಡೇ, ಮಾತು ಮತ್ತು ಹೆಣಿಗೆ. ಈ ವರ್ಷ ಎರಡಕ್ಕೂ ಜೊತೆ ಸಿಕ್ಕಿತ್ತು. ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದ ವಿದ್ಯಾ.

ವಿದ್ಯಾ ಹುಲ್ಲಿನ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಬೆಳಿಗ್ಗೆ ಧುಪದಾಳದ ಒಡ್ಡಿನ ಕಡೆಗೋ ಯಾವುದಾದರೂ ಕಬ್ಬಿನ ಹೊಲದ ಬದುವಿಗೋ ಹೋಗಿ, ಹುಲ್ಲು ಕಿತ್ತು, ಹಳೆಯ ಪೇಪರಿನ ನಡುವೆ ಒಣಗಲು ಹಾಕುತ್ತಿದ್ದಳು. ಮಧ್ಯಾಹ್ನ ಬರೆಯುತ್ತಿದ್ದಳು. ಬರೆದದ್ದನ್ನು ತಿಂಗಳಿಗೊಮ್ಮೆ ಬೆಳಗಾವಿಗೆ ಹೋಗಿ ಗೈಡ್‌ಗೆ ತೋರಿಸುತ್ತಿದ್ದಳು. ಸಂಜೆ ಕೆಳಗಿಳಿದು ಬಂದರೆ ಕಾಕೂ, ತಾನು ಹೊತ್ತು ಮುಳುಗಿದ ಮೇಲೆ ಏನೂ ಮುಟ್ಟದಿದ್ದರೂ, ಅವಳಿಗಾಗಿ ನಿಂಬೆಯ ಪರಿಮಳದ ಗವತಿ ಹುಲ್ಲು ಹಾಕಿ ಚಹಾ ಕುದಿಸಿರುತ್ತಿದ್ದಳು.

"ಊರಾಗಿನ ಹುಲ್ಲೆಲ್ಲಾ ಕಿತ್ತಿ. ಉಪಯೋಗಕ್ಕ ಬರೂದು ಇದೊಂದs ನೋಡು," ಎಂದು ಕಪ್ಪು ಮುಂದಿಡುತ್ತಿದ್ದಳು.

"ಉಳಿದಿದ್ದು ದನಾ ತಿಂತಾವರಿ ಕಾಕೂ."

"ದನಕ್ಕ ಡಾಕ್ಟರ್ ಪದವಿ ಬ್ಯಾಡಲ್ಲ."

ಚಹಾ, ಅಂಗೈಯಷ್ಟು ಚುರಮುರಿ ಚೂಡಾ, ಮಡಿಲಲ್ಲಿ ಉಣ್ಣೆಯ ಉಂಡೆ. ವಿದ್ಯಾಳಿಗೆ ಇಷ್ಟು ಸಾಕಾಗಿತ್ತು. ಇದಕ್ಕಿಂತ ಹೆಚ್ಚಿನದನ್ನು ಬೇಡುವುದು ಅವಳಿಗೆ ಮರೆತುಹೋಗಿತ್ತು. ಹಿಂದಿನ ವರ್ಷ ಯಮಕನಮರಡಿಯ ಹತ್ತಿರ, ಹೈವೇ ಮೇಲೆ, ಗಂಡ ಸಿದ್ರಾಯ ಮೋಟಾರ್‌ಸೈಕಲ್ಲಿನಿಂದ ಬಿದ್ದು ತೀರಿಕೊಂಡಿದ್ದ. ಆಮೇಲೆ ಅವಳು ತುಕ್ಕಾನಟ್ಟಿಯ ಗಂಡನ ಮನೆಯಿಂದ ಬಂದು ಓದಿಗೆ ಮರಳಿದ್ದಳು. ಬರುವಾಗ ಅತ್ತೆ ಫಕೀರವ್ವ ಒಲೆಯ ಮುಂದೆ ಕುಳಿತಿದ್ದಳು. ಹೋಗು ಎನ್ನಲಿಲ್ಲ, ಇರು ಎನ್ನಲಿಲ್ಲ. ಕಡ್ಡಿಗಳು ಒಂದಕ್ಕೊಂದು ತಾಗಿ ಸದ್ದು ಮಾಡುವಾಗ ವಿದ್ಯಾ ಈ ಯಾವುದನ್ನೂ ಯೋಚಿಸುತ್ತಿರಲಿಲ್ಲ. ಹೆಣಿಗೆ ಅವಳಿಗೆ ಹಿಡಿಸಿದ್ದೇ ಅದಕ್ಕೆ.

ಮಾವ ಬೀರಸಿದ್ದಪ್ಪನ ಫೋನು ಬಂದದ್ದು ಅಂಥದೊಂದು ಸಂಜೆ.

"ಆರಾಮ ಅದೀ ಏನವಾ? ಯಲ್ಲೇಶಗ ಮೂಡಲಗಿ ಹೆಣ್ಣು ನಕ್ಕಿ ಆತು. ದೀಪಾವಳಿ ಆದಿಂದ ಮದವಿ. ನಿಮ್ಮ ಕೋಣಿಗಿ ಸುಣ್ಣಾ ಹಚ್ಚಸಬೇಕು. ನಿನ್ನ ಟ್ರಂಕ್ ಅಲ್ಲೇ ಐತೆಲ್ಲಾ, ಒಮ್ಮಿ ಬಂದು ನೋಡಿ ಹೋಗು."

ಯಲ್ಲೇಶ ಮೈದುನ. ಅವನಿಗೆ ಕೋಣೆ ಬೇಕು. ಇದರಲ್ಲಿ ತಪ್ಪೇನೂ ಇರಲಿಲ್ಲ. ಹುಕ್ಕೇರಿಯಲ್ಲಿದ್ದ ತಾಯಿಗೆ ಹೇಳಿದರೆ ಆಕೆ, "ಅವರಾಗೇ ಅಂದಮ್ಯಾಲ ಮುಗೀತು. ಟ್ರಂಕ್ ತಗೊಂಡು ನೆಟ್ಟಗ ಇಲ್ಲಿಗಿ ಬಾ," ಅಂದಳು. ವಿದ್ಯಾ ಹೂಂ ಅಂದಳು. ಫೋನು ಇಟ್ಟ ಮೇಲೆ ಹೆಣೆದ ಸಾಲನ್ನು ನೋಡಿದರೆ ನಡುವೆ ತೂತು ಬಿದ್ದಿತ್ತು.

"ಟಾಕಾ ಬಿಟ್ಟಿ," ಅಂದಳು ಕಾಕೂ. "ಏನಾತು?"

"ಟ್ರಂಕ್ ತಗೊಂಡು ಹೋಗು ಅಂದಾರ್ರಿ."

"ತಗೊಂಡು ಹೋಗು ಅಂದ್ರೋ, ನೋಡಿ ಹೋಗು ಅಂದ್ರೋ?"

"ಎರಡೂ ಒಂದs ಅಲ್ಲೇನ್ರಿ?"

ಕಾಕೂ ಹೆಣಿಗೆಯನ್ನು ಇಸಿದುಕೊಂಡು ತೂತಿನವರೆಗೆ ಬಿಚ್ಚಿ ಮರಳಿ ಕೊಟ್ಟಳು. ವಿದ್ಯಾಳಿಗೆ ಆ ಟ್ರಂಕಿನಲ್ಲಿದ್ದ ಸೀರೆಗಳ ಆಸೆ ಇರಲಿಲ್ಲ. ಅದು ಅಲ್ಲಿ ಇರುವವರೆಗೆ ತನ್ನದೂ ಏನೋ ಒಂದು ಆ ಮನೆಯಲ್ಲಿ ಇದೆ ಎಂಬುದಿತ್ತು. ಅದನ್ನು ಬಸ್ಸಿಗೆ ಹಾಕಿದ ದಿನ ಅವಳು ಆ ಮನೆಗೆ ಯಾರೂ ಅಲ್ಲ. ಸಿದ್ರಾಯನ ಹೆಸರನ್ನು ಸುಮ್ಮನೆ, ಊಟದ ನಡುವೆ, ಎತ್ತುವವರು ಇದ್ದದ್ದು ಆ ಒಂದೇ ಮನೆಯಲ್ಲಿ.

ಬರಿಗೈಯಲ್ಲಿ ಹೋಗಬಾರದೆಂದು ಕೈಯಲ್ಲಿದ್ದ ಮಫ್ಲರನ್ನು ಬದಿಗಿಟ್ಟು ಮಾವನಿಗೆ ಸ್ವೆಟರ್ ಹೆಣೆಯಲು ಹಿಡಿದಳು. ಕಂಬಳಿ ಬಿಟ್ಟು ಬೇರೆ ಬೆಚ್ಚನೆಯದನ್ನು ಆ ಮನುಷ್ಯನ ಮೈಮೇಲೆ ಕಂಡವರಿರಲಿಲ್ಲ. ಅಳತೆಗೆ ಅವಳ ಹತ್ತಿರ ಸಿದ್ರಾಯನ ಒಂದು ಅಂಗಿ ಇತ್ತು. ಅಪ್ಪ ಮಗನದು ಒಂದೇ ಹೆಗಲು. ಅವಸರವಿದ್ದಾಗ ಒಬ್ಬರ ಅಂಗಿ ಇನ್ನೊಬ್ಬರು ತೊಟ್ಟು ಹೋದದ್ದುಂಟು. ಗೋಕಾಕದ ಪೇಟೆಯಲ್ಲಿ ಕಾಕೂ ಅಂಗಡಿಯವನ ಜೊತೆ ಜಗಳವಾಡಿ ಹೊಗೆ ಬಣ್ಣದ ಮೆತ್ತನೆಯ ಉಲನ್ ಕೊಡಿಸಿದಳು. ಬೆನ್ನು ಮುಗಿಯಿತು, ಎದೆ ಮುಗಿಯಿತು, ತೋಳು ಏರಿದವು. ಕಬ್ಬಿನ ಲಾರಿಗಳು ಓಡಾಡತೊಡಗಿ ಬೆಳಗಿನ ಗಾಳಿಗೆ ಸಿಹಿ ವಾಸನೆ ಬಂದಿತ್ತು. ಇನ್ನು ಸ್ವಲ್ಪ ತಡವಾಗಲಿ ಎಂದು ಅವಳು ಒಂದು ತೋಳನ್ನು ಕಾರಣವಿಲ್ಲದೆ ಬಿಚ್ಚಿದಳು.

"ಅದ್ಯಾಕ ಬಿಚ್ಚಿದಿ? ಚಂದಿತ್ತು," ಅಂದಳು ಕಾಕೂ.

"ಗಿಡ್ಡ ಆಗಿತ್ತರಿ."

"ಸುಳ್ಳ ಹೇಳಬ್ಯಾಡ. ಹೋಗಾಕ ಅಂಜಿ ನೀ."

ಮುಗಿದ ಸ್ವೆಟರನ್ನು ಕಾಕೂನೇ ಮಡಚಿ ಚೀಲದಲ್ಲಿಟ್ಟಳು.

ತುಕ್ಕಾನಟ್ಟಿಯಲ್ಲಿ ಬಸ್ಸಿಳಿದಾಗ ಹೊತ್ತು ಇಳಿದಿತ್ತು. ಫಕೀರವ್ವ ನೀರು ಕೊಟ್ಟಳು, ಚಹಾ ಕೊಟ್ಟಳು, ಹಾದಿಯಲ್ಲಿ ಬಸ್ಸು ತುಂಬಿತ್ತೇ ಎಂದು ಕೇಳಿದಳು. ವಿದ್ಯಾ ಸ್ವೆಟರ್ ತೆಗೆದು ಕೊಟ್ಟಳು.

"ಮಾವಗ ಮಾಡೇನ್ರಿ."

ಫಕೀರವ್ವ ಅದನ್ನು ದೀಪದ ಬೆಳಕಿಗೆ ಹಿಡಿದು ನೋಡಿದಳು. ಎರಡೂ ಕಡೆ ಹಿಡಿದು ಜಗ್ಗಿದಳು. ಅದು ಜಗ್ಗಿತು, ಬಿಟ್ಟಳು, ಕೂಡಿಕೊಂಡಿತು. ಮತ್ತೊಮ್ಮೆ ಜಗ್ಗಿದಳು. ಬಾಜೂ ಮನೆಯ ಗುಡ್ಡವ್ವ ಬಾಗಿಲಲ್ಲಿ ಇಣುಕಿ, "ಏನವಾ ಅದು, ಸೊಸಿ ತಂದದ್ದು?" ಅನ್ನುವಷ್ಟರಲ್ಲಿ ಫಕೀರವ್ವ ಅದನ್ನು ಸರಕ್ಕನೆ ಮಡಚಿ ಗೋಡೆಯ ಮಾಡದಲ್ಲಿ ಇಟ್ಟುಬಿಟ್ಟಳು. ಚಂದ ಇದೆ ಎನ್ನಲಿಲ್ಲ. ಮಾವ ಹೊಲದಲ್ಲಿ ಕುರಿ ಹಿಂಡು ನಿಲ್ಲಿಸಿದ್ದ ಕಡೆ ಹೋದವನು ಮರುದಿನ ಬರುವವನಿದ್ದ.

ಬೆಳಿಗ್ಗೆ ಎದ್ದು ವಿದ್ಯಾ ಮೊದಲು ಮಾಡಿದ ಕೆಲಸ, ಟ್ರಂಕನ್ನು ಎಳೆದು ಕೋಣೆಯ ಬಾಗಿಲಿಗೆ ತಂದಿಟ್ಟದ್ದು. ಆಮೇಲೆ ರೊಟ್ಟಿ ಕಟ್ಟಿಕೊಂಡು, ಈ ಕಡೆಯ ಹುಲ್ಲು ಬೇಕಾಗಿದೆ ಎಂದು ಹೇಳಿ ಬದುವಿನ ಹಾದಿ ಹಿಡಿದಳು. ಹುಲ್ಲು ಬೇಕಾಗಿದ್ದದ್ದು ಖರೆ. ಆದರೆ ಒಂದು ತಾಸಿನಲ್ಲಿ ಆಗುವ ಕೆಲಸಕ್ಕೆ ಅವಳು ಇಡೀ ಹೊತ್ತು ಹಾಕಿದಳು.

ಇಳಿಹೊತ್ತಿನಲ್ಲಿ ತಿರುಗಿ ಬಂದು ಹಿತ್ತಲ ಬಾಗಿಲು ತೆಗೆದರೆ ಗೋಡೆಗೆ ಆತು ಒಬ್ಬ ಮನುಷ್ಯ ನಿಂತಿದ್ದ. ಅವನಿಗೆ ತಲೆ ಇರಲಿಲ್ಲ. ಎರಡೂ ಕೈ ಅಗಲಿಸಿ, ಎದೆ ಸೆಟೆದು ನಿಂತಿದ್ದ. ಅದು ಸ್ವೆಟರ್ ಎಂದು ತಿಳಿಯಲು ಅವಳಿಗೆ ಒಂದು ಉಸಿರಿನಷ್ಟು ಹೊತ್ತು ಬೇಕಾಯಿತು. ಹತ್ತಿರ ಹೋಗಿ ಬೆರಳಿನಿಂದ ಬಡಿದರೆ ರಟ್ಟು ಬಡಿದಂತೆ ಟಕ್ ಅಂದಿತು.

"ಅತ್ತಿ, ಇದೇನ್ರಿ?"

ಫಕೀರವ್ವ ಎದುರಿನ ಕಲ್ಲಿನ ಮೇಲೆ ಕೂತಿದ್ದಳು. ಬದಿಯಲ್ಲಿ ಬೋಗುಣಿ, ಅದರ ತಳದಲ್ಲಿ ಕಂದು ಬಣ್ಣದ ಗಂಜಿ ಒಣಗಿ ಬಿರಿದಿತ್ತು. ಹುಣಸೆ ಬೀಜ ಹುರಿದು, ಕುಟ್ಟಿ, ಕುದಿಸಿ ಮಾಡುವ ಗಂಜಿ. ಕಂಬಳಿ ನೇಯುವ ಆ ಮನೆಯಲ್ಲಿ ನೇಯ್ದದ್ದಕ್ಕೆ ಅದನ್ನು ಕುಡಿಸಿ, ಬಿಸಿಲಿಗೆ ಒಣಗಿಸಿ, ಸೆಟೆದು ನಿಂತ ಮೇಲೆಯೇ ಕೆಲಸ ಮುಗಿಯಿತು ಅನ್ನುತ್ತಿದ್ದರು. ಮಳೆಯ ಹನಿ ಒಳಗಿಳಿಯದಂತೆ ಹೊದೆಯಲು ಅದೇ ಬೇಕು.

"ಗಂಜಿ ಕುಡಿಸೇನಿ," ಅಂದಳು ಫಕೀರವ್ವ. "ನೀ ತಂದಾಗ ಭಾಳ ಮೆತ್ತಗಿತ್ತು. ಜಗ್ಗಿದಲ್ಲೆ ಬರತಿತ್ತು. ಗಂಜಿ ಹಾಕೂದs ಮರತಾಳ ಪೋರಿ ಅಂದ್ಕೊಂಡೆ. ಈಗ ನೋಡು, ಹೆಂಗ ನಿಂತೈತಿ!"

"ಅದು ಮೆತ್ತಗs ಇರಬೇಕ್ರಿ ಅತ್ತಿ. ಸ್ವೆಟರ್ ಅದು."

"ಹೌದೇನ?"

"ಹೂಂ ರಿ."

ಫಕೀರವ್ವ ಸ್ವೆಟರನ್ನು ನೋಡಿದಳು, ಬೋಗುಣಿಯನ್ನು ನೋಡಿದಳು. "ಅಯ್ಯ ನನ್ನ ಕೈಗಿ ಬೆಂಕಿ ಹಚ್ಚಲಿ!"

"ನನ್ನ ಒಂದ ಮಾತ ಕೇಳಬೇಕಿಲ್ರಿ?"

"ಹೆಂಗ ಕೇಳಲಿ? ಆ ಗುಡ್ಡವ್ವ ಬಂದು ಇಣಕಿ ಹ್ವಾದ್ಲಲ್ಲ. ನಾಳಿ ನಿಮ್ಮ ಮಾವ ಇದನ್ನ ಹಾಕ್ಕೊಂಡು ಮಂದ್ಯಾಗ ಕುಂತ್ರ, ಫಕೀರವ್ವನ ಸೊಸಿ ಅರೆಬರೆ ಕೆಲಸ ಮಾಡಿ ಕಳಸ್ಯಾಳ ಅಂತ ಊರ ತುಂಬ ಡಂಗುರಾ ಹೊಡೀತಾಳ. ನಮ್ಮ ಮನಿ ಸೊಸೀಗಿ ಯಾರರ ಹೆಸರಿಟ್ರ ನಾ ಸುಮ್ಮ ಕುಂಡ್ರಾಕಿ ಅಲ್ಲ. ಅದಕ್ಕ ನೀ ಹೊಲಕ್ಕ ಹ್ವಾದದ್ದs ಛಲೋ ಆತಂತ ಬಡಾಬಡಾ ಮುಗಿಸಿಬಿಟ್ಟೆ. ನಿನಗೂ ಗೊತ್ತಾಗಬಾರದು, ಅಕಿಗೂ ಗೊತ್ತಾಗಬಾರದು."

ವಿದ್ಯಾ ಸ್ವೆಟರನ್ನು ಎತ್ತಿಕೊಂಡಳು. ಮಡಚಲು ಹೋದರೆ ಅದು ಮಡಚಲಿಲ್ಲ. ತೋಳನ್ನು ಕೆಳಗೆ ಒತ್ತಿದರೆ ಮೇಲೆದ್ದು ಅವಳ ಗಲ್ಲಕ್ಕೆ ಬಡಿಯಿತು. ಎಲ್ಲಿಂದಲೋ ನಗು ಬಂತು. ಎಷ್ಟೋ ದಿನ ತೆಗೆಯದ ಬಾಗಿಲಿನ ಹಾಗೆ ಸದ್ದು ಮಾಡುತ್ತಾ ಬಂತು. ಫಕೀರವ್ವನೂ ಸೆರಗು ಬಾಯಿಗೊತ್ತಿ ನಕ್ಕಳು. ನಗುತ್ತ ನಗುತ್ತ ಅವಳ ಮುಖ ಬೇರೆಯಾಯಿತು.

"ಇದು ಸಿದ್ರಾಯನ ಅಳತಿ ಅಲ್ಲ?"

ವಿದ್ಯಾ ಹೌದೆಂದು ತಲೆಯಾಡಿಸಿದಳು.

"ಗ್ವಾಡಿಗಿ ನಿಲ್ಲಿಸಿ ಹಿಂದ ಸರದು ನೋಡ್ತೀನಿ, ಅವನs ನಿಂತಂಗ ಇತ್ತು. ಆವಾಗಿಂದ ಮಳ್ಳೀ ಹಂಗ ಎದರಿಗಿ ಕುಂತೇನಿ. ಸಂಜೀ ಒಲಿ ಸೈತ ಹಚ್ಚಿಲ್ಲ."

ವಿದ್ಯಾ ಕಲ್ಲಿನ ಮೇಲೆ ಅವಳ ಪಕ್ಕಕ್ಕೆ ಕೂತಳು. ಸ್ವೆಟರ್ ಇಬ್ಬರ ಮಡಿಲ ಮೇಲೂ ಅಡ್ಡ ಬಿದ್ದಿತ್ತು. ವಿದ್ಯಾ ಅತ್ತಳು. ಆ ಮನೆಯಲ್ಲಿ ಅವಳು ಸಿದ್ರಾಯ ಸತ್ತ ದಿನವೂ ಅತ್ತಿರಲಿಲ್ಲ. ಫಕೀರವ್ವ ಗಂಜಿ ಅಂಟಿದ ಕೈಯನ್ನು ಸೊಸೆಯ ಬೆನ್ನ ಮೇಲೆ ಇಟ್ಟುಕೊಂಡೇ ಇದ್ದಳು. ಆಮೇಲೆ ಕೇಳಿದಳು:

"ಟ್ರಂಕ್ ಯಾಕ ಬಾಗಲಕ್ಕ ಎಳದಿ?"

"ತಗೊಂಡು ಹೋಗಾಕ್ರಿ. ಮಾವ ಹೇಳಿದ್ರಲ್ಲ."

"ಎಲ್ಲಿ ಇಡೂನು ಅಂತ ನಿನ್ನ ಕೇಳಬೇಕಾಗಿತ್ತು, ಅದಕ್ಕ ಬಾ ಅಂದಾರ. ಕೀಲಿ ನಿನ್ನ ಕಡೆ ಐತಿ, ಒಳಗ ಏನೈತೋ ಏನೋ, ಹೊಳ್ಳಿಸಿ ಗಿಳ್ಳಿಸಿ ಒಡದೀತು ಅಂತ ಯಾರೂ ಮುಟ್ಟಿಲ್ಲ. ನನ್ನ ಕಾಟಿನ ಬಾಜೂಕ ಜಾಗಾ ಮಾಡೇನಿ. ಅಲ್ಲಿ ಆದೀತಿಲ್ಲೋ?"

"ಆಕ್ಕೈತ್ರಿ," ಅಂದಳು ವಿದ್ಯಾ.

"ಮತ್ತ ಎಳೀಬೇಕಿತ್ತಂದ್ರ ನನ್ನ ಕರೀಬೇಕಿಲ್ಲ? ನಡಾ ಹಿಡಕೊಂಡ್ರ ಹುಲ್ಲ ಕೀಳಾಕ ಯಾರ ಬಗ್ಗತಾರ?"

ಇಬ್ಬರೂ ಸೇರಿ ಟ್ರಂಕನ್ನು ಒಳಕೋಣೆಗೆ ಸಾಗಿಸಿದರು. ಆಮೇಲೆ ಒಲೆ ಹಚ್ಚಿ, ನೀರು ಕಾಯಿಸಿ, ತಗಡಿನ ದೊಡ್ಡ ಬುಟ್ಟಿಯಲ್ಲಿ ಸ್ವೆಟರ್ ನೆನೆಹಾಕಿದರು. ಮೊದಲಿಗೆ ಅದು ಮುಳುಗಲೇ ಇಲ್ಲ, ತೋಳು ಚಾಚಿ ತೇಲಿತು. ಫಕೀರವ್ವ ಸೀರೆ ಎತ್ತಿ ಕಟ್ಟಿ ಬುಟ್ಟಿಯೊಳಗೆ ಇಳಿದು ತುಳಿಯಲು ಹೊರಟಳು. "ಬ್ಯಾಡ್ರಿ ಅತ್ತಿ, ಇದು ಕಂಬಳಿ ಅಲ್ಲ," ಎಂದು ವಿದ್ಯಾ ಕೈ ಹಿಡಿದು ಎಳೆದಳು. ಮೂರನೆಯ ನೀರಿಗೆ ಗಂಜಿ ಬಿಡತೊಡಗಿತು. ಬೆರಳಿನ ಕೆಳಗೆ ಒಂದೊಂದೇ ಸಾಲು ಮೆತ್ತಗಾಯಿತು.

ಬೀರಸಿದ್ದಪ್ಪ ಹೊಲದಿಂದ ಬಂದಾಗ ಅತ್ತೆ ಸೊಸೆ ಇಬ್ಬರೂ ಮೊಣಕೈವರೆಗೆ ತೊಯ್ದು ಕೂತಿದ್ದರು. ಸ್ವೆಟರ್ ಚಾಪೆಯ ಮೇಲೆ ಅಂಗಾತ ಮಲಗಿತ್ತು.

"ಏನ ಇದು?"

"ಸೊಸಿ ನಿಮಗ ಸ್ವೆಟರ್ ಹೆಣದಾಳ," ಅಂದಳು ಫಕೀರವ್ವ.

"ಹೊಸಾದನ್ನ ಯಾಕ ಒಗದ್ರಿ ಮತ್ತ?"

ವಿದ್ಯಾ ಅತ್ತೆಯ ಮುಖ ನೋಡಿದಳು. ಅತ್ತೆ ಅವಳ ಮುಖ ನೋಡಲಿಲ್ಲ, ನೋಡಿದರೆ ನಗು ತಡೆಯಲಾಗದೆಂದು.

"ಹೊಲಸಾಗಿತ್ತರಿ, ಬಸ್ಸಿನ್ಯಾಗ," ಅಂದಳು ವಿದ್ಯಾ.

"ಇವತ್ತs ಹೊಂಟಿಯೇನವಾ ನೀ?"

"ಅಕಿ ಹೆಂಗ ಹೋಗ್ತಾಳ?" ಅಂದಳು ಫಕೀರವ್ವ. "ನೀವು ಹಾಕ್ಕೊಂಡದ್ದು ನೋಡಬೇಕಿಲ್ಲ ಅಕಿ? ಒಣಗಿದ ಮ್ಯಾಲ ಹೋಗ್ತಾಳ."

ಬೀರಸಿದ್ದಪ್ಪ ಕಂಬಳಿ ಹೆಗಲಿಂದ ಇಳಿಸಿ, ಅಂಗಳಕ್ಕೆ ಹೋಗಿ ತಲೆಯೆತ್ತಿ ನೋಡಿದ. ಪಡುವಣದಿಂದ ಮೋಡ ಏರುತ್ತಿತ್ತು.

"ಹಿಂತಾ ಮ್ವಾಡದಾಗ ಒಂದ ವಾರ ಒಣಗಂಗಿಲ್ಲ ಬಿಡು ಅದು."

"ಒಣಗದಿದ್ರ ಒಣಗದs ಇರಲಿ ಬಿಡ್ರಿ," ಎಂದಳು ವಿದ್ಯಾ, ಮತ್ತು ಎದ್ದು ಹಿಟ್ಟಿನ ಡಬ್ಬಿ ತೆಗೆದು ರೊಟ್ಟಿಗೆ ಕೂತಳು.