ಟ್ವೈಲಾಳ ಅಳತೆಯ ಕೋವಿ

ನಮ್ಮ ಆರ್ಕನ್ಸಾ ಬಯಲಿನಲ್ಲಿ ನವೆಂಬರ್ ಬಂತೆಂದರೆ ಚರ್ಚಿನ ಬೆಂಚುಗಳು ಅರ್ಧಕ್ಕರ್ಧ ಖಾಲಿ. ಕೊಯ್ಲಾದ ಭತ್ತದ ಗದ್ದೆಗಳಿಗೆ ನೀರು ಬಿಟ್ಟು, ಉತ್ತರದಿಂದ ಬಾತುಗಳು ಇಳಿಯುವುದನ್ನೇ ಕಾಯುತ್ತಾ ಗಂಡಸರೆಲ್ಲ ಕೋವಿ ಹಿಡಿದು ಕೂತಿರುತ್ತಾರೆ. ಆದರೆ ಅವರೆಲ್ಲರಿಗಿಂತ ಚೆನ್ನಾಗಿ ಹೊಡೆಯುತ್ತಿದ್ದವಳು ಒಬ್ಬ ಹೆಂಗಸು, ನನ್ನ ಅಕ್ಕ ಟ್ವೈಲಾ. ಬಾತುಗಳನ್ನು ಕರೆಯುವ ಪೀಪಿಯನ್ನು ಅವಳು ತುಟಿಗಿಟ್ಟರೆ, ಮೋಡದ ಅಂಚಿನಲ್ಲಿ ಹೋಗುತ್ತಿದ್ದ ಹಿಂಡು ಮನಸ್ಸು ಬದಲಾಯಿಸಿ ವಾಪಸು ತಿರುಗುತ್ತಿತ್ತು.

ಅವಳ ಕೋವಿ ಅಪ್ಪ ಕೊಟ್ಟದ್ದು. ಸೆಮಿ-ಆಟೊಮ್ಯಾಟಿಕ್. ಟ್ರಿಗರ್ ಒತ್ತಿದರೆ ತೋಟಾ ಸಿಡಿದು, ಖಾಲಿ ಕೊಳವೆ ಪಕ್ಕಕ್ಕೆ ಹಾರಿ, ಮುಂದಿನದು ತಾನೇ ಬಂದು ಕೂರುವಂಥದ್ದು. ಭುಜಕ್ಕೆ ಒರಗುವ ಬುಡ ಅಕ್ರೋಟು ಮರದ್ದು. ಅವಳ ಕೆನ್ನೆ ತಾಗಿ ತಾಗಿ ಆ ಜಾಗ ಕಪ್ಪಗೆ ಮಿರುಗುತ್ತಿತ್ತು.

ಗಂಡ ರಾಯ್ಸ್ ಭತ್ತ ಕೊಯ್ಯುವ ಯಂತ್ರಗಳ ಮೆಕ್ಯಾನಿಕ್. ಮಾತು ಕಮ್ಮಿ. ಮನೆಯ ಹಿಂದಿನ ಶೆಡ್ಡಿನಲ್ಲಿ ಲೇಥು, ಡ್ರಿಲ್ಲು, ಅರಗಳು. ಏನೇ ಕೆಟ್ಟರೂ ಅಲ್ಲಿಗೆ ಹೊತ್ತುಕೊಂಡು ಹೋಗಿ ಸರಿಮಾಡಿ ತರುವವನು. ಮಕ್ಕಳಿರಲಿಲ್ಲ. ಚಳಿಗಾಲವಿಡೀ ಗಂಡ ಹೆಂಡತಿ ಒಂದೇ ದೋಣಿ, ಬಾತುಗಳಿಗೆ ಕಾಣದಂತೆ ಅಡಗಿ ಕೂರುವ ಒಂದೇ ಮರೆಗೂಡು, ಒಂದೇ ಫ್ಲಾಸ್ಕಿನ ಕಾಫಿ.

ಕಾಯಿಲೆ ಮೊದಲು ಬೆರಳಿಗೆ ಬಂತು. ಕಾಫಿ ಪಾತ್ರೆ ಕೈಜಾರಿ ಬಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳಲಾಗಲಿಲ್ಲ. ಲಿಟ್ಲ್ ರಾಕ್‌ನ ಡಾಕ್ಟರು ಪರೀಕ್ಷೆಗಳನ್ನೆಲ್ಲ ಮುಗಿಸಿ, ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತಿವೆ, ಇದಕ್ಕೆ ಮದ್ದಿಲ್ಲ ಎಂದರು. ಮೊದಲು ಕೈಕಾಲು, ಆಮೇಲೆ ಮಾತು, ಕೊನೆಗೆ ಉಸಿರು. ನಾನೂ ಆ ಕೋಣೆಯಲ್ಲಿದ್ದೆ. ಎಷ್ಟು ದಿನ ಇರ್ತಾಳೆ ಎಂದು ರಾಯ್ಸ್ ಕೇಳಲಿಲ್ಲ. ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತಾ, "ನವೆಂಬರ್ ಹೊತ್ತಿಗೆ ಇವಳು ಏಳು ಪೌಂಡು ಎತ್ತಬಲ್ಲಳಾ ಡಾಕ್ಟ್ರೇ?" ಎಂದ. ಕೋವಿಯ ತೂಕ ಅದು.

ಡಾಕ್ಟರಿಗೆ ಅರ್ಥವಾಗಲಿಲ್ಲ. ಹೊರಗೆ ನರ್ಸಮ್ಮ ಫಾರಂ ತುಂಬಿಸುತ್ತಾ, "ಮನೇಲಿ ಬಂದೂಕು ಏನಾದ್ರೂ ಇದ್ಯಾ?" ಎಂದು ಕೇಳಿದಳು.

"ಮನೇಲಿ ಚಮಚ ಇದ್ಯಾ ಅಂತ ಕೇಳ್ದಂಗಾಯ್ತಲ್ಲೇ ತಾಯಿ," ಎಂದು ಟ್ವೈಲಾ ನಕ್ಕಳು. ದಾರಿಯುದ್ದಕ್ಕೂ ಆ ಮಾತನ್ನೇ ಹೇಳಿಕೊಂಡು ನಗುತ್ತಿದ್ದಳು. ಊರು ಹತ್ತಿರ ಬಂದಾಗ ನಗು ನಿಂತಿತು.

ಮರುದಿನವೇ ರಾಯ್ಸ್ ಕೋವಿಯನ್ನು ಶೆಡ್ಡಿಗೆ ಒಯ್ದ. ತೋಟಾ ಏರಿಸಲು ಹಿಂದಕ್ಕೆಳೆಯುವ ಗುಬಟು ಚಿಕ್ಕದು, ಅವಳ ಬೆರಳಿಗೆ ಸಿಗುತ್ತಿರಲಿಲ್ಲ. ಅಲ್ಯೂಮಿನಿಯಂ ತುಂಡೊಂದನ್ನು ಲೇಥಿನಲ್ಲಿ ಕಡೆದು, ಅಂಗೈಯಿಂದಲೇ ಎಳೆಯುವಂಥ ದಪ್ಪ ಗುಬಟು ಮಾಡಿದ. ಸುರಕ್ಷತೆಯ ಗುಂಡಿಯನ್ನೂ ದೊಡ್ಡದು ಮಾಡಿದ. ಗದ್ದೆಯ ಬದುವಿನಲ್ಲಿ ನಾನು ಗುರಿಯ ಅಭ್ಯಾಸಕ್ಕಿರುವ ಮಣ್ಣಿನ ತಟ್ಟೆಗಳನ್ನು ಯಂತ್ರದಿಂದ ಹಾರಿಸಿದೆ. ಟ್ವೈಲಾ ಒಂದೂ ತಪ್ಪದೆ ಪುಡಿಮಾಡಿದಳು.

"ಕೆಲ್ವಿನ್, ಸ್ವಲ್ಪ ಜೋರಾಗಿ ಹಾರಿಸೋ. ಕಾಯಿಲೆಯವಳು ಅಂತ ದಯೆ ತೋರಿಸ್ತಿದ್ದೀಯಾ?" ಎಂದು ನನ್ನನ್ನು ಛೇಡಿಸಿದಳು.

ರಾಯ್ಸ್‌ನ ಮುಖ ಅರಳಿತ್ತು. ಕೆಟ್ಟದ್ದು ಯಾವುದೆಂದು ಪತ್ತೆಯಾಯಿತು, ಸರಿಹೋಯಿತು ಎನ್ನುವಂತೆ.

ಬೇಸಿಗೆಯಲ್ಲಿ ಭುಜ ಸೋತಿತು. ಕೋವಿ ಎತ್ತಿದರೆ ನಳಿಗೆಯ ತುದಿ ನೆಲ ನೋಡುತ್ತಿತ್ತು. ರಾಯ್ಸ್ ಬುಡವನ್ನು ಬಿಚ್ಚಿ, ಮರ ಸೀಳದಂತೆ ಟೇಪು ಸುತ್ತಿ, ಗರಗಸ ಹಿಡಿದ. ಟ್ವೈಲಾ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು.

"ಅಪ್ಪನ ಕೋವಿ ಕಣೋ ಅದು."

"ಗೊತ್ತು ಕಣೇ. ಉದ್ದ ಜಾಸ್ತಿಯಾಗಿದೆ ನಿಂಗೆ."

"ನಲವತ್ತು ವರ್ಷ ಸರಿಯಾಗೇ ಇತ್ತಲ್ಲ."

ಅವನು ಕೊಯ್ದ. ತುದಿಗೆ ಮೆತ್ತನೆಯ ರಬ್ಬರಿನ ದಿಂಡು ಕೂರಿಸಿ, ಅಂಚು ಮರಕ್ಕೆ ಸಮನಾಗುವವರೆಗೆ ಮರಳುಕಾಗದದಲ್ಲಿ ತಿಕ್ಕಿದ. ಅವಳ ಕತ್ತು ಬಾಗದೆಂದು ಕೆನ್ನೆಯ ಜಾಗಕ್ಕೆ ಚರ್ಮದ ಮೆತ್ತೆ ಹೊಲಿದ. ಆ ಮಿರುಗು ಚರ್ಮದಡಿ ಮುಚ್ಚಿಹೋಯಿತು. ಆ ವಾರ ಅವಳು ಕೆಲವು ತಟ್ಟೆ ಹೊಡೆದಳು. ಇನ್ನೊಂದು ವಾರಕ್ಕೆ ಅದೂ ಆಗಲಿಲ್ಲ. ರಾಯ್ಸ್ ಮತ್ತೆ ಶೆಡ್ಡಿಗೆ ಹೋದ. ಬುಡದ ಒಳಗಿನ ಮರವನ್ನೆಲ್ಲ ಕೊರೆದು ಟೊಳ್ಳು ಮಾಡಿದ.

ಕೋವಿ ಹಗುರಾದಷ್ಟೂ ಅದರ ಒದೆತ ಹೆಚ್ಚಾಯಿತು. ಅವಳ ಭುಜ ನೀಲಿಗಟ್ಟಿತು. ಒದೆತ ಕಮ್ಮಿಯಾಗಲೆಂದು ಹಗುರ ತೋಟಾ ತಂದರೆ, ಕೋವಿಯೊಳಗಿನ ಯಂತ್ರ ತಿರುಗುವಷ್ಟು ಕಸುವು ಅದಕ್ಕಿಲ್ಲ. ಖಾಲಿ ಕೊಳವೆ ಹೊರಬೀಳುವ ಕಂಡಿಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಕೈಕೊಡುತ್ತಿತ್ತು. ಒಳಗಿನ ಸ್ಪ್ರಿಂಗುಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿಕೊಂಡು, ಊಟಕ್ಕೆ ಕರೆದರೂ ಬಾರದೆ ರಾಯ್ಸ್ ಕೂತಿರುತ್ತಿದ್ದ. ನಾನು ಹುರಿದ ಮೀನು, ಜೋಳದ ರೊಟ್ಟಿ ತಂದು ಟ್ವೈಲಾಗೆ ತಿನ್ನಿಸಿ ಹೋಗುತ್ತಿದ್ದೆ. ಅಷ್ಟು ಹೊತ್ತಿಗೆ ಅವಳು ಗಾಲಿಕುರ್ಚಿಯಲ್ಲಿದ್ದಳು, ಮಾತು ನಾಲಿಗೆಯಲ್ಲಿ ಎಳೆಯತೊಡಗಿತ್ತು.

ಒಂದು ಸಂಜೆ ನಾನಿದ್ದಾಗಲೇ ಅವನು ಕೋವಿ ಹಿಡಿದು ಒಳಗೆ ಬಂದ. "ಆಯ್ತು ಕಣೇ! ಈಗ ಸಿಕ್ಕಿಕೊಳ್ಳಲ್ಲ. ಹಿಡಿದು ನೋಡು."

ಅವಳು ಕೈ ಎತ್ತಲಿಲ್ಲ. "ರಾಯ್ಸ್, ಕೂತ್ಕೋ."

"ಒಂದ್ಸಲ ಹಿಡೀ, ಉದ್ದ ಸರಿಯಾಗಿದ್ಯಾ ಅಂತ..."

"ಕೂತ್ಕೊಳೋ ಅಂದ್ರೆ." ಒಂದೊಂದು ಮಾತಿಗೂ ಅವಳು ಉಸಿರು ಕೂಡಿಸಿಕೊಳ್ಳಬೇಕಿತ್ತು. "ಕೆಟ್ಟಿರೋದು ಕೋವಿ ಅಲ್ಲ. ನಾನು. ನನ್ನನ್ನ ಲೇಥಿಗೆ ಹಾಕೋಕಾಗಲ್ಲ ಅಂತ ಅದನ್ನ ಹಾಕ್ತಿದ್ದೀಯ. ಮಾತಾಡೋಕೆ ಬರೋವಾಗ ನನ್ ಜೊತೆ ಒಂದು ಸಂಜೆ ಕೂತಿದ್ದೀಯೇನೋ?"

ಅವನು ನಿಂತೇ ಇದ್ದ. "ಕೈ ಖಾಲಿ ಇಟ್ಕೊಂಡು ನಿನ್ನೆದುರು ಕೂತ್ರೆ ನಂಗೆ ಹುಚ್ಚು ಹಿಡಿಯುತ್ತೆ ಟ್ವೈಲಾ."

"ಹಿಡೀಲಿ. ಇಬ್ರೂ ಒಟ್ಟಿಗೇ ಹಾಳಾಗೋಣ. ಇಲ್ಲೊಬ್ಳೇ ಹಾಳಾಗ್ತಿದ್ದೀನಿ ನಾನು."

ಅವನು ಕೂತ. ಕೋವಿ ತೊಡೆಯ ಮೇಲೇ ಇತ್ತು. ಸ್ವಲ್ಪ ಹೊತ್ತಿಗೆ ಅವನ ಹೆಬ್ಬೆರಳು ರಬ್ಬರು ದಿಂಡಿನ ಅಂಚನ್ನು ತಡವಲು ಶುರುಮಾಡಿತು, ಎಲ್ಲೋ ಒಂದು ಏರು ಉಳಿದಿದೆಯೇನೋ ಎಂಬಂತೆ. ಟ್ವೈಲಾ ಅದನ್ನು ನೋಡಿ ಮುಖ ಕಿಟಕಿಯ ಕಡೆ ತಿರುಗಿಸಿದಳು. ನಾನು ತಟ್ಟೆ ತೊಳೆಯುವ ನೆವದಲ್ಲಿ ಎದ್ದು ಹೋದೆ. ಬರುವಷ್ಟರಲ್ಲಿ ಶೆಡ್ಡಿನ ದೀಪ ಹತ್ತಿತ್ತು.

ಬೇಟೆ ಶುರುವಾಗುವ ದಿನ ಬಂತು. "ಬೇಡ ರಾಯ್ಸ್, ಚಳಿ ತಡೆಯಲ್ಲ ಅವಳು," ಎಂದೆ. ಟ್ವೈಲಾಳೇ "ಹೋಗೋಣ" ಎಂದಳು. ಅವಳಿಗೆ ಆಸೆಯಿತ್ತೋ, ಅವನಿಗಾಗಿ ಒಪ್ಪಿದಳೋ, ನನಗೆ ಇವತ್ತಿಗೂ ತಿಳಿಯದು.

ಅವಳನ್ನು ಕಂಬಳಿಯಲ್ಲಿ ಸುತ್ತಿ ಅವನು ಮಗುವಿನಂತೆ ಎತ್ತಿ ದೋಣಿಯಲ್ಲಿ ಕೂರಿಸಿದ. ನೀರು ನಿಂತ ಓಕ್ ಕಾಡಿನೊಳಗೆ ಮೆಲ್ಲಗೆ ಹೋದೆವು. ಮರೆಗೂಡಿನಲ್ಲಿ ಅವನು ಮೊದಲೇ ಕಬ್ಬಿಣದ ಕವಲು ನೆಟ್ಟಿದ್ದ. ಕೋವಿಯ ಭಾರವೆಲ್ಲ ಅದರ ಮೇಲೆ, ಬೆರಳಲ್ಲಿ ನೂಕಿದರೆ ಸಾಕು, ಎತ್ತ ಬೇಕಾದರೂ ತಿರುಗುತ್ತಿತ್ತು. ಅವನ ಜೀವಮಾನದ ಅತಿ ನಾಜೂಕಿನ ಕೆಲಸ ಅದು. ಅದರ ಹಿಂದೆ ಅವಳನ್ನು ಒರಗಿಸಿ ಬೆಲ್ಟು ಕಟ್ಟಿದ.

ಬೆಳಕು ಹರಿಯಿತು. ಪೀಪಿ ಊದಲು ಅವಳಲ್ಲಿ ಉಸಿರಿರಲಿಲ್ಲ. ರಾಯ್ಸ್ ಊದಿದ.

"ಬಾತಲ್ಲ, ಹಂದಿ ಬರುತ್ತೆ," ಎಂದಳು ಟ್ವೈಲಾ. ಆ ಬೆಳಿಗ್ಗೆ ನಕ್ಕದ್ದು ಅದೊಂದೇ ಸಲ.

ಆದರೂ ಬಾತುಗಳು ಬಂದವು. ಮರಗಳ ತಲೆಯ ಮೇಲೆ ಒಂದು ಸುತ್ತು ಹೊಡೆದು, ರೆಕ್ಕೆ ಬಾಗಿಸಿ, ಕಾಲು ಚಾಚಿ, ನಮ್ಮ ಮುಂದಿನ ತೆರಪಿನೊಳಕ್ಕೆ ಎಲೆ ಉದುರಿದಂತೆ ಇಳಿದವು. ಹಸಿರು ತಲೆಯ ಗಂಡೊಂದು ನೇರ ಅವಳ ನಳಿಗೆಯ ಎದುರೇ ಬಂತು. ಅವಳ ಕಣ್ಣು ಹಿಂದಿನ ಟ್ವೈಲಾಳ ಕಣ್ಣೇ ಆಗಿತ್ತು. ನಳಿಗೆ ಅದರ ಜೊತೆ ಸರಿಯಾಗಿ ತಿರುಗಿತು. ನಾನು ಸದ್ದಿಗೆ ಕಾದೆ.

ಸದ್ದಾಗಲಿಲ್ಲ. ಬೆರಳು ಟ್ರಿಗರಿನ ಮೇಲಿತ್ತು, ಮಡಚಲಿಲ್ಲ. ಅವಳು ಹಲ್ಲು ಕಚ್ಚಿದಳು, ಹಣೆ ಬೆವರಿತು, ಬೆರಳು ಮಾತ್ರ ಅವಳದಲ್ಲ ಎನ್ನುವಂತೆ ಸುಮ್ಮನಿತ್ತು. ರಾಯ್ಸ್ ಹಿಂದಿನಿಂದ ಬಾಗಿ ತನ್ನ ಬೆರಳನ್ನು ಅವಳ ಬೆರಳ ಮೇಲಿಟ್ಟು ಒತ್ತಿದ.

ಕೋವಿ ಗುಡುಗಿತು. ಖಾಲಿ ಕೊಳವೆ ಎಲ್ಲೂ ಸಿಕ್ಕಿಕೊಳ್ಳದೆ ಪಕ್ಕಕ್ಕೆ ಹಾರಿತು. ಬಾತು ನೀರಿಗೆ ಬಿತ್ತು.

"ಹೊಡೆದ್ಯಲ್ಲೇ! ನೋಡ್ದ್ಯಾ ಕೆಲ್ವಿನ್? ಹೊಡೆದ್ಲು!" ರಾಯ್ಸ್ ಕೂಗಿದ.

ನಾನು ನೀರಿಗಿಳಿದು ಬಾತನ್ನು ತಂದು ಅವಳ ಮಡಿಲಲ್ಲಿಟ್ಟೆ. ಅದರ ಕತ್ತು ಅವಳ ಮಣಿಕಟ್ಟಿನ ಮೇಲೆ ಜೋತುಬಿತ್ತು. ಬಹಳ ಹೊತ್ತು ಅದನ್ನು ನೋಡಿದಳು.

"ಹೊಡೆದದ್ದು ನೀನು," ಎಂದಳು. "ಅಷ್ಟನ್ನಾದ್ರೂ ನಂಗೇ ಬಿಡಬೇಕಿತ್ತು. ತಪ್ಪಿದ್ರೆ ನಾನೇ ತಪ್ಪಿರ್ತಿದ್ದೆ."

ಮರಗಳಾಚೆ ಇನ್ನೊಂದು ಹಿಂಡು ಸುತ್ತುತ್ತಿತ್ತು. ಯಾರೂ ಮೇಲೆ ನೋಡಲಿಲ್ಲ. "ಮನೆಗೆ," ಎಂದಳು. ಹೊರಟೆವು.

ಆ ದಿನದಿಂದ ಅವನು ಶೆಡ್ಡಿಗೆ ಕಾಲಿಡಲಿಲ್ಲ. ಹಾಸಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತುಬಿಟ್ಟ. ಅವಳು ಕೇಳಿದ್ದ ಸಂಜೆಗಳನ್ನೆಲ್ಲ ಕೊಟ್ಟ, ಬೆಳಿಗ್ಗೆಗಳನ್ನೂ ಕೊಟ್ಟ. ಆದರೆ ಕ್ರಿಸ್ಮಸ್ಸಿಗೆ ಮುಂಚೆಯೇ ಅವಳ ಮಾತು ಪೂರ್ತಿ ನಿಂತುಹೋಯಿತು. ಅವನು ಹಳೆಯ ಬೇಟೆಗಳ ಕಥೆ ಹೇಳುತ್ತಿದ್ದ. ಹೇಳಿ ಅಭ್ಯಾಸವಿಲ್ಲದವನು, ಅರ್ಧಕ್ಕೇ ತಡವರಿಸುತ್ತಿದ್ದ. ಅದು ಹಾಗಲ್ಲ, ಹೀಗೆ, ಎಂದು ತಿದ್ದುತ್ತಿದ್ದವಳು ಸುಮ್ಮನೆ ಕಣ್ಣು ಬಿಟ್ಟು ಮಲಗಿದ್ದಳು. ವಸಂತ ಬಂದು ಗದ್ದೆಗಳಲ್ಲಿ ಮತ್ತೆ ಟ್ರ್ಯಾಕ್ಟರಿನ ಸದ್ದು ಶುರುವಾದಾಗ ಅವಳ ಉಸಿರು ನಿಂತಿತು.

ಮಣ್ಣು ಮಾಡಿ ಬಂದ ಮೇಲೆ ಚರ್ಚಿನವರು ತಂದಿಟ್ಟ ಊಟದ ಮುಂದೆ ನಾವಿಬ್ಬರೇ ಕೂತಿದ್ದೆವು. ರಾಯ್ಸ್ ಮುಳ್ಳುಚಮಚ ಹಿಡಿದಿದ್ದನೇ ಹೊರತು ತಿನ್ನುತ್ತಿರಲಿಲ್ಲ.

"ಕೊನೇ ದಿನ ಏನೋ ಹೇಳೋಕೆ ಬಂದ್ಲು ಕೆಲ್ವಿನ್," ಎಂದ. "ತುಟಿ ಆಡ್ತಿತ್ತು. ಹೌದಾದ್ರೆ ಒಂದ್ಸಲ ಕಣ್ಣು ಮುಚ್ಚು, ಇಲ್ಲಾಂದ್ರೆ ಎರಡು ಸಲ ಅಂದೆ. ನೀರು ಬೇಕಾ? ಇಲ್ಲ. ದಿಂಬು ಸರಿ ಮಾಡ್ಲಾ? ಇಲ್ಲ. ನೋವಾ? ಇಲ್ಲ. ಕೆಲ್ವಿನ್‌ನ ಕರೀಲಾ? ಅದೂ ಅಲ್ಲ. ಪಾದ್ರೀನ? ಅಲ್ಲ. ಆಮೇಲೆ ನಂಗೆ ಏನ್ ಕೇಳ್ಬೇಕೂಂತ್ಲೇ ತೋಚ್ಲಿಲ್ಲ ಕಣೋ. ಅಷ್ಟು ವರ್ಷ ಜೊತೇಲಿದ್ದು, ಕೇಳೋಕೆ ಇನ್ನೊಂದು ಮಾತು ತೋಚ್ಲಿಲ್ಲ. ಅವಳು ಕಾಯ್ತಾ ನನ್ನೇ ನೋಡ್ತಿದ್ಲು."

ಏನು ಕೇಳಬಹುದಿತ್ತೆಂದು ನಾನೂ ಯೋಚಿಸಿದೆ. ನನಗೂ ತೋಚಲಿಲ್ಲ. ತಟ್ಟೆಗಳ ಮೇಲೆ ಬಟ್ಟೆ ಮುಚ್ಚಿ, ಅವನ ಕೈಯಿಂದ ಮುಳ್ಳುಚಮಚ ಬಿಡಿಸಿಕೊಂಡೆ.